ಸಹಾಯ ಬೇಕು: ಸ್ಕೂಬಾ ಡೈವ್ ಮಾಡಿದ ಮರುದಿನ ಬೆಳಿಗ್ಗೆಯೇ ವಿಮಾನ ಹತ್ತಬಹುದಾ?

ನಾವು ಶಿರಸಿಯವರು. ಮದುವೆ ಮುಗಿದಿದ್ದೇ ಅಡಿಕೆ ಕೊಯ್ಲು, ಮನೆ ತುಂಬ ನೆಂಟರು, ಇಬ್ಬರೇ ಎಲ್ಲೂ ಹೋಗೋಕೆ ಆಗಿರಲಿಲ್ಲ. ಈಗ ಲಕ್ಷದ್ವೀಪದ ಬಂಗಾರಂಗೆ ಹೊರಟಿದ್ದೇವೆ. ಊರೇ ಇಲ್ಲದ ದ್ವೀಪ, ರೆಸಾರ್ಟ್ ಬಿಟ್ಟರೆ ತೆಂಗು, ಮರಳು, ತಿಳಿನೀರು ಅಷ್ಟೇ. ನಮಗೆ ಬೇಕಾಗಿದ್ದೂ ಅದೇ. (ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಬಹುದಿತ್ತು, ಆದರೆ ಅಲ್ಲಿ ಉಳಿಯೋಕೆ ಆಗಲ್ವಲ್ಲ!) ಪರ್ಮಿಟ್ ಕೂಡ ಬಂತು.

ತಲೆ ಕೆಟ್ಟಿರೋದು ಕೊನೇ ದಿನದ ಬಗ್ಗೆ. ಹೊರಡುವ ಹಿಂದಿನ ದಿನ ಎರಡು ಡೈವ್ ಇಟ್ಟಿದ್ದಾರೆ, ಎರಡನೆಯದು ಮುಗಿಯುವಾಗ ಸಂಜೆ 4 ಗಂಟೆ, ಮರುದಿನ ಬೆಳಿಗ್ಗೆ ಹತ್ತಿರದ ಅಗತ್ತಿ ದ್ವೀಪದಿಂದ ಕೊಚ್ಚಿಗೆ ವಿಮಾನ. ಡೈವ್ ಮಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್, ನಾವು ವಿಮಾನದಲ್ಲಿ ಮೇಲೆ ಹೋದಾಗ ಗುಳ್ಳೆಯಾಗುತ್ತೆ, ಅದಕ್ಕೇ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಆದರೆ 18 ಗಂಟೆ ಕಾಯಬೇಕು ಅಂತ ಓದಿದೆ. ನಮಗೆ ಸಿಗೋದು 17 ಗಂಟೆ! ಪ್ಯಾಕೇಜ್ ಕೊಟ್ಟವರನ್ನು ಕೇಳಿದರೆ, 'ಚಿಕ್ಕ ವಿಮಾನ ಸಾರ್, ಏನೂ ಆಗಲ್ಲ' ಅಂತಾರೆ. ನೇತ್ರಾಣಿಯಲ್ಲಿ ಡೈವ್ ಮಾಡೋ ಗೆಳೆಯ ಪೂರ್ತಿ ಒಂದು ದಿನ ಬಿಡು ಅಂತಾನೆ. ಟಿಕೆಟ್ ಬದಲಾಯಿಸೋಕೆ ಬೇರೆ ದಿನ ಸೀಟಿಲ್ಲ.

ಡೈವಿಂಗ್ ಗೊತ್ತಿರೋರು ಹೇಳಿ: ಬೆಳಿಗ್ಗೆ ಒಂದೇ ಡೈವ್ ಮಾಡಿ ಎರಡನೆಯದು ಬಿಟ್ಟರೆ ಸಾಕಾ, ಅಥವಾ ಎರಡನ್ನೂ ಒಂದು ದಿನ ಮುಂಚೆಯೇ ಹಾಕಿಸಿಕೊಳ್ಳಬೇಕಾ?