ಆಫೀಸ್ ಕಟ್ಟಡಗಳ ಸಾಲದ ವಿಭಾಗಕ್ಕೆ ಹೋಗಬೇಕೆನ್ನುವ ಹೆಣ್ಣುಮಕ್ಕಳಿಗೆ: ಬಲ್ಲವರು ಹೇಳಿದ್ದು

ಕೇಳಿದ್ದು: ದಾವಣಗೆರೆಯಲ್ಲಿ ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿದ್ದೇನೆ. ಎಂ.ಕಾಂ., ಸಿಎ ಇಂಟರ್ ಆಗಿದೆ. ಬೆಂಗಳೂರಿನ ಟೆಕ್ ಪಾರ್ಕ್, ಆಫೀಸ್ ಕಟ್ಟಡಗಳಿಗೆ ಸಾಲ ಕೊಡುವ ಕಡೆ ಹೋಗುವ ಆಸೆ. ಬಿಲ್ಡರ್‌ಗಳ ಜೊತೆ ವ್ಯವಹಾರ, ಸೈಟ್ ವಿಸಿಟ್ ಎಲ್ಲ ಹೆಂಗಸರಿಗೆ ಕಷ್ಟ ಅಂತ ಮನೆಯಲ್ಲಿ ಹೇಳ್ತಾರೆ. ಎಲ್ಲಿಂದ ಶುರು ಮಾಡಲಿ?

ಕ್ರೆಡಿಟ್ ವಿಭಾಗದವರು: ಎಲ್‌ಆರ್‌ಡಿಯಿಂದ ಶುರು ಮಾಡಿ ಮೇಡಂ. ಅಂದರೆ ಮುಂದೆ ಬರುವ ಬಾಡಿಗೆಯ ಮೇಲೆ ಕೊಡುವ ಸಾಲ. ಗೃಹಸಾಲದಲ್ಲಿ ಸಾಲಗಾರನ ಸಂಬಳ ನೋಡ್ತೀರಿ, ಇಲ್ಲಿ ಬಾಡಿಗೆದಾರ ಕಂಪನಿಯನ್ನೂ ಲೀಸ್ ಡೀಡನ್ನೂ ನೋಡಬೇಕು.

ಒಂದು ಲೆಕ್ಕ ಕೈಯಾರೆ ಮಾಡಿ. 1 ಲಕ್ಷ ಚದರಡಿ, ಚದರಡಿಗೆ ತಿಂಗಳಿಗೆ ₹90 ಅಂದರೆ ಬಾಡಿಗೆ 90 ಲಕ್ಷ. ಮೇಲೆ 18% ಜಿಎಸ್‌ಟಿ 16.2 ಲಕ್ಷ ಸೇರುತ್ತೆ, 10% ಟಿಡಿಎಸ್ 9 ಲಕ್ಷ ಮುರಿದುಕೊಳ್ಳುತ್ತೆ. ಎಸ್ಕ್ರೊ ಖಾತೆಗೆ (ಬಾಡಿಗೆ ನೇರವಾಗಿ ಬರುವ, ಬ್ಯಾಂಕಿನ ಹಿಡಿತದಲ್ಲಿರೋ ಖಾತೆ) ಬೀಳೋದು 97.2 ಲಕ್ಷ. ಹೊಸಬರು ಇದನ್ನೇ ಆದಾಯ ಅಂತ ಹಿಡಿದುಬಿಡ್ತಾರೆ. ಜಿಎಸ್‌ಟಿ ಸರ್ಕಾರದ ದುಡ್ಡು, ಮಾಲೀಕನ ಕೈಯಲ್ಲಿ ನಿಜವಾಗಿ ಉಳಿಯೋದು 81 ಲಕ್ಷ. ಡಿಎಸ್‌ಸಿಆರ್ 1.3 ಬೇಕೆಂದರೆ, ಅಂದರೆ ಆದಾಯ ಕಂತಿನ 1.3 ಪಟ್ಟು ಇರಬೇಕೆಂದರೆ, ತಿಂಗಳ ಕಂತು 62.3 ಲಕ್ಷ ದಾಟಬಾರದು. 9% ಬಡ್ಡಿ, 12 ವರ್ಷಕ್ಕೆ ಸಾಲ ಸುಮಾರು 54.7 ಕೋಟಿ. 97.2 ಲಕ್ಷ ಹಿಡಿದು ಮಾಡಿದರೆ 65.7 ಕೋಟಿ ಬರುತ್ತೆ. ಒಂದು ಸಾಲಿನ ತಪ್ಪಿಗೆ 11 ಕೋಟಿ! ಆಸ್ತಿ ತೆರಿಗೆ, ವಿಮೆ ಇನ್ನೂ ಕಳೆದೇ ಇಲ್ಲ.

ಆಮೇಲೆ ಲಾಕ್-ಇನ್ ಹುಡುಕಿ. ಲೀಸ್ 9 ವರ್ಷದ್ದಿದ್ದರೂ ಬಾಡಿಗೆದಾರ ಕಟ್ಟುಬಿದ್ದಿರೋದು ಸಾಮಾನ್ಯವಾಗಿ 3ರಿಂದ 5 ವರ್ಷ ಮಾತ್ರ, ನಂತರ ನೋಟಿಸ್ ಕೊಟ್ಟು ಹೋಗಬಹುದು. ಮೂರು ವರ್ಷಕ್ಕೊಮ್ಮೆ 15% ಏರಿಕೆ ಅಂತ ಬರೆದಿರುತ್ತೆ, ಆದರೆ ಬಾಡಿಗೆದಾರ ಉಳಿದರೆ ತಾನೇ ಅದು ಬರೋದು! ಫಿಟ್-ಔಟ್ ಬಾಡಿಗೆಯನ್ನು ಬೇರೆಯಾಗಿಡಿ. ಅದು ಒಳಾಂಗಣಕ್ಕೆ ಹಾಕಿದ ಖರ್ಚಿನ ವಸೂಲಿ. ಅವಧಿ ಮುಗಿದರೆ ನಿಂತುಹೋಗುತ್ತೆ, ಅದನ್ನು ನಂಬಿ 12 ವರ್ಷದ ಸಾಲ ಕೊಡೋಕಾಗಲ್ಲ.

ಟೈಟಲ್ (ಆಸ್ತಿಯ ಹಕ್ಕಿನ ದಾಖಲೆ) ನೋಡುವ ವಕೀಲರು: ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಡೀಲ್ ನಿಲ್ಲೋದು ಕಾಗದದ ಹತ್ತಿರ. ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆಯ ಎಷ್ಟೋ ಕ್ಯಾಂಪಸ್‌ಗಳು ಹಿಂದೆ ಹೊಲಗದ್ದೆ. ಮೂಲಪತ್ರ, ಪಹಣಿ, ಡಿಸಿ ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), 30 ವರ್ಷದ ಇಸಿ (ಋಣಭಾರ ಪತ್ರ), ಖಾತಾ, ಒಸಿ (ಕಟ್ಟಡ ಬಳಸಲು ಕೊಡುವ ಅನುಮತಿ ಪತ್ರ) ಇಷ್ಟನ್ನೂ ಸರ್ವೆ ನಂಬರ್‌ವಾರು ತಾಳೆ ಹಾಕಿ. ಸರ್ಕಾರ ಮಂಜೂರು ಮಾಡಿಕೊಟ್ಟ ಜಮೀನಿನ ಸುಳಿವು ಸಿಕ್ಕರೆ ಅಲ್ಲೇ ನಿಲ್ಲಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ, ಅಂಥ ಜಮೀನು ಮರಳಿ ಕೇಳೋಕೆ ಈಗ ಕಾಲಮಿತಿ ಇಲ್ಲ. ಭಾಗಶಃ ಒಸಿ ಇದ್ದರೆ ಯಾವ ಮಹಡಿಗೆ ಅಂತ ಓದಿ, ಬಾಡಿಗೆ ಬರ್ತಿರೋ ಮಹಡಿ ಅದರಲ್ಲಿ ಇರದೇ ಹೋಗಬಹುದು. ಕನ್ನಡ ದಾಖಲೆ ಸರಾಗವಾಗಿ ಓದೋಕೆ ಬರೋದು ಬೆಂಗಳೂರಿನ ಈ ತಂಡಗಳಲ್ಲಿ ದೊಡ್ಡ ಬಲ ಕಣಮ್ಮ, ರೆಸ್ಯೂಮೆಯಲ್ಲಿ ಬರೀರಿ.

ರಿಯಲ್ ಎಸ್ಟೇಟ್ ಸಾಲದ ತಂಡ ನಡೆಸುವ ಮಹಿಳೆ: ಮನೆಯವರು ಹೆದರೋದು ಸೈಟಿಗೆ. ನಿಜವಾದ ಅಪಾಯ ಮೇಜಿನ ಮೇಲಿದೆ ತಂಗಿ. ಹುಡುಗಿಯರ ಕೈಗೆ ಎಂಐಎಸ್ (ಅಂಕಿಅಂಶಗಳ ವರದಿ), ಫೈಲ್ ಫಾಲೋಅಪ್, ಪೇಪರ್ ಜೋಡಿಸೋ ಕೆಲಸ ಬರುತ್ತೆ. ಸೈಟು, ಬಿಲ್ಡರ್ ಮೀಟಿಂಗು ಹುಡುಗರಿಗೆ ಹೋಗುತ್ತೆ. ಎರಡು ವರ್ಷ ಹೀಗೇ ಕಳೆದರೆ ಬಡ್ತಿ ವೇಳೆ "ಡೀಲ್ ಮಾಡಿಲ್ಲ" ಅಂತಾರೆ. ಸಂದರ್ಶನದಲ್ಲೇ ಕೇಳಿ: ಕ್ರೆಡಿಟ್ ನೋಟ್ (ಸಾಲ ಕೊಡಬಹುದಾ ಅನ್ನೋ ಟಿಪ್ಪಣಿ) ಬರೆದವರೇ ಅದನ್ನು ಸಮಿತಿ ಮುಂದೆ ಮಂಡಿಸ್ತಾರಾ, ನೋಟಿನ ಮೇಲೆ ಬರೆದವರ ಹೆಸರಿರುತ್ತಾ? ಮಾಡೆಲ್ ಮಾತ್ರ ಮಾಡಿಕೊಟ್ಟು ಬಾಯಿ ಇನ್ನೊಬ್ಬರಿಗೆ ಬಿಡಬೇಡಿ.

ಸೈಟಿಗೆ ಹೋಗಲೇಬೇಕು. ಬಾಡಿಗೆದಾರರ ಪಟ್ಟಿ ಹಿಡಿದು ಮಹಡಿ ಮಹಡಿ ನೋಡಿ, ದೀಪ ಉರಿಯದ ಮಹಡಿ ಯಾವುದು, ಎಷ್ಟು ಕುರ್ಚಿ ಖಾಲಿ ಅಂತ ಬರೆದುಕೊಳ್ಳಿ. ಕಟ್ಟುತ್ತಿರೋ ಕಟ್ಟಡವಾದರೆ ಹಗಲಲ್ಲೇ ಹೋಗಿ, ಜೊತೆಗೆ ಬ್ಯಾಂಕಿನ ಇಂಜಿನಿಯರ್ ಇರಲಿ, ಕಂಪನಿ ಗಾಡಿ ಕೇಳಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸಕ್ಕಾಗಿ ಹೋದ ಜಾಗ, ಕಂಪನಿ ಒದಗಿಸಿದ ವಾಹನ ಎರಡೂ ಕೆಲಸದ ಸ್ಥಳವೇ. ದೂರು ಕೊಡೋದಿದ್ದರೆ 3 ತಿಂಗಳೊಳಗೆ, ಬರವಣಿಗೆಯಲ್ಲಿ.

ಹೆರಿಗೆ ರಜೆ ಮೊದಲೆರಡು ಮಕ್ಕಳಿಗೆ 26 ವಾರ. ಅಷ್ಟರಲ್ಲಿ ನಿಮ್ಮ ಗ್ರಾಹಕರು ಇನ್ನೊಬ್ಬರ ಪಟ್ಟಿಗೆ ಹೋಗಿರ್ತಾರೆ, ಹಿಂತಿರುಗಿದಾಗ ಮತ್ತೆ ಎಂಐಎಸ್. ಹೋಗುವ ಮೊದಲು ಪ್ರತಿ ಖಾತೆಗೆ ಒಂದು ಹಾಳೆ ಮಾಡಿ: ಬಾಕಿ ಷರತ್ತು, ಲೀಸ್ ನವೀಕರಣದ ದಿನ, ವಿಮೆ ಮುಗಿಯೋ ದಿನ. ಯಾವ ಖಾತೆಗಳು ನಿಮಗೇ ವಾಪಸ್ ಅಂತ ಮ್ಯಾನೇಜರ್ ಹತ್ತಿರ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ.

ರೀಟ್ (ಬಾಡಿಗೆ ಕಟ್ಟಡಗಳನ್ನು ಇಟ್ಟುಕೊಂಡು ಹೂಡಿಕೆದಾರರಿಗೆ ಆದಾಯ ಹಂಚುವ ಟ್ರಸ್ಟ್) ವಿಶ್ಲೇಷಕರು: ಓದೋಕೆ ದುಡ್ಡು ಸುರಿಯಬೇಕಿಲ್ಲ. 2019ರಲ್ಲಿ ಷೇರುಪೇಟೆಗೆ ಬಂದ ದೇಶದ ಮೊದಲ ರೀಟ್ ಎಂಬೆಸಿ, ಬೆಂಗಳೂರಿನದೇ. ಅವರ ತ್ರೈಮಾಸಿಕ ವರದಿ ಪುಕ್ಕಟೆ ಸಿಗುತ್ತೆ. ಒಂದು ಪಾರ್ಕ್ ಆರಿಸಿ, ಅದರ ಬಾಡಿಗೆ, ಭರ್ತಿ ಪ್ರಮಾಣ, ಲೀಸ್‌ಗಳ ಉಳಿದ ಸರಾಸರಿ ಅವಧಿ ತೆಗೆದು ಎಕ್ಸೆಲ್‌ನಲ್ಲಿ ನೀವೇ ಮೌಲ್ಯ ಕಟ್ಟಿ. ರೀಟ್‌ಗಳು ಹಂಚಬಹುದಾದ ಹಣದಲ್ಲಿ ಕನಿಷ್ಠ 90% ಹಂಚಬೇಕು, ಸಾಲ ಆಸ್ತಿಯ 49% ಮೀರಬಾರದು. ಈ ಎರಡು ಮಿತಿ ಹಾಕಿ ಬಡ್ಡಿ 1% ಏರಿಸಿದರೆ ಏನಾಗುತ್ತೆ ನೋಡಿ. ಸಂದರ್ಶನಕ್ಕೆ ಆ ಫೈಲನ್ನೇ ತಗೊಂಡು ಹೋಗಿ, ಸರ್ಟಿಫಿಕೇಟ್‌ಗಿಂತ ಮುಂಚೆ ಅದನ್ನು ತೆರೆಯಿರಿ.