ಪೀಸಾದಿಂದ ಲುಕ್ಕಾಗೆ ಒಂದು ದಿನ: ಮಂಡಿ ನೋವಿರುವ ಅಮ್ಮನ ಜೊತೆ ಹೋಗಬಹುದಾ?

ವಾಣಿ_ಕುವೆಂಪುನಗರ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ನಮ್ಮ ಯಜಮಾನರಿಗೆ ಇಟಲಿಯ ಪೀಸಾದಲ್ಲಿ ಕಾನ್ಫರೆನ್ಸ್ ಇದೆ. ನಾನು, ಅಮ್ಮ ಜೊತೆಗೆ ಹೊರಟಿದ್ದೇವೆ. ಅವರು ಕೆಲಸದಲ್ಲಿರುವಾಗ ನಮಗಿಬ್ಬರಿಗೂ ಒಂದು ಇಡೀ ದಿನ ಸಿಗುತ್ತದೆ. ಹತ್ತಿರದಲ್ಲೇ ಲುಕ್ಕಾ ಅಂತ ಕೋಟೆಯೊಳಗಿನ ಹಳೇ ಊರಿದೆಯಂತೆ. ಅಲ್ಲಿಗೆ ಹೋಗುವುದಾ, ಇಲ್ಲ ಫ್ಲಾರೆನ್ಸ್ ನೋಡಿಬಿಡುವುದಾ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಹೋಗಿ ಬಂದವರು ಹೇಳಿ.

ಸರಸ್ವತಿಪುರಂ_7ನೇ_ಮೇನ್:
ಕಣ್ಣು ಮುಚ್ಚಿಕೊಂಡು ಫ್ಲಾರೆನ್ಸ್‌ಗೆ ಹೋಗಿ. ಅಷ್ಟು ದೂರ ಹೋಗಿ ಅದನ್ನು ಬಿಟ್ಟು ಬರುವುದಾ? ಲುಕ್ಕಾ ಚಿಕ್ಕ ಊರು, ಅರ್ಧ ದಿನದಲ್ಲಿ ಮುಗಿಯುತ್ತದೆ.

ಗಂಜಾಂ_ಅಂಜೂರ:
ವಾಣಿಯವರೇ, ಅಮ್ಮನ ಜೊತೆ ಅಂದರೆ ನನ್ನ ಓಟು ಲುಕ್ಕಾಗೆ. ಫ್ಲಾರೆನ್ಸ್ ದೊಡ್ಡದು, ನಿಜ. ಆದರೆ ಒಂದೇ ದಿನದಲ್ಲಿ ಅಲ್ಲಿ ಸಾಲಿನಲ್ಲಿ ನಿಲ್ಲುವುದೇ ಜಾಸ್ತಿ, ಮಂಡಿ ನೋವಿರುವವರಿಗೆ ಅದು ಶಿಕ್ಷೆ.

ನಾನು ಶ್ರೀರಂಗಪಟ್ಟಣದ ಕೋಟೆ ಒಳಗೇ ಹುಟ್ಟಿ ಬೆಳೆದವನು. ಮಗಳು ಪೀಸಾದಲ್ಲಿ ಓದುತ್ತಿದ್ದಾಗ ಲುಕ್ಕಾ ನೋಡಿದೆ. ಆ ಗೋಡೆಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಆ ಊರಲ್ಲಿ ನೋಡಬೇಕಾದದ್ದು ಮೊದಲು ಅದೇ.

ಪೀಸಾ ಸೆಂಟ್ರಾಲೆ ಸ್ಟೇಷನ್ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ವಾಲಿದ ಗೋಪುರದ ಹತ್ತಿರ ಉಳಿದುಕೊಂಡಿದ್ದರೆ ಸಾನ್ ರೊಸ್ಸೋರೆ ಅನ್ನುವ ಚಿಕ್ಕ ಸ್ಟೇಷನ್ನಲ್ಲೇ ಹತ್ತಬಹುದು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಅಲ್ಲಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ, ಮರೆತರೆ ದಂಡ. ಲುಕ್ಕಾದಲ್ಲಿ ಇಳಿದು ರಸ್ತೆ ದಾಟಿದರೆ ಎದುರಿಗೇ ಹಸಿರು ಹುಲ್ಲು, ಅದರಾಚೆ ಇಟ್ಟಿಗೆ ಗೋಡೆ. ಹುಲ್ಲಿನ ನಡುವೆ ಒಂದು ಕಾಲುದಾರಿ ನೇರ ಗೋಡೆಯ ಹೊಟ್ಟೆಯೊಳಕ್ಕೇ ಹೋಗುತ್ತದೆ. ಒಳಗೆ ತಂಪು, ಕತ್ತಲು. ಹೊರಗೆ ಬಂದರೆ ದೊಡ್ಡ ಚರ್ಚಿನ ಹಿಂಭಾಗ. ಆದರೆ ಈ ದಾರಿಯಲ್ಲಿ ಮೆಟ್ಟಿಲಿದೆ. ಅಮ್ಮನನ್ನು ಎಡಕ್ಕೆ ಸ್ವಲ್ಪ ನಡೆಸಿ, ಪೋರ್ತಾ ಸಾನ್ ಪಿಯೆತ್ರೋ ಬಾಗಿಲಿನಿಂದ ಕರೆದುಕೊಂಡು ಹೋಗಿ.

ಗೋಡೆ ಅಂದರೆ ನಮ್ಮ ಕೋಟೆಯ ಕಲ್ಲುಗೋಡೆ ನೆನೆಸಿಕೊಳ್ಳಬೇಡಿ. ಅದು ಬುಡದಲ್ಲಿ ಸುಮಾರು 30 ಮೀಟರ್ ಅಗಲದ ಮಣ್ಣಿನ ದಿಬ್ಬ, ಹೊರಗಡೆಗೆ ಇಟ್ಟಿಗೆ ಕಟ್ಟಿದ್ದಾರೆ. ಎತ್ತರ ಸುಮಾರು 12 ಮೀಟರ್. ಫಿರಂಗಿ ಗುಂಡು ಬಿದ್ದರೆ ಕಲ್ಲುಗೋಡೆ ಒಡೆಯುತ್ತದೆ, ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ. ಪಕ್ಕದ ಫ್ಲಾರೆನ್ಸ್ ಭಯಕ್ಕೆ 16ನೇ ಶತಮಾನದಲ್ಲಿ ಶುರು ಮಾಡಿ, ಮುಗಿಸುವ ಹೊತ್ತಿಗೆ 17ನೇ ಶತಮಾನ ಅರ್ಧ ಕಳೆದಿತ್ತು. ಇಷ್ಟೆಲ್ಲ ಕಟ್ಟಿದ ಮೇಲೆ ಯಾರೂ ಮುತ್ತಿಗೆ ಹಾಕಲೇ ಇಲ್ಲ! 1799ರಲ್ಲಿ ಫ್ರೆಂಚರು ಬಂದಾಗಲೂ ಮುತ್ತಿಗೆಯಿಲ್ಲದೆ ಒಳಗೆ ಬಂದರು. ಅದೇ ವರ್ಷ ಮೇ 4ಕ್ಕೆ ನಮ್ಮಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗವನ್ನು ಚಿಕ್ಕಂದಿನಿಂದ ನೋಡಿಕೊಂಡು ಬಂದ ನನಗೆ, ಎಲ್ಲೂ ಪೆಟ್ಟು ತಿನ್ನದ ಆ ಗೋಡೆ ಮೇಲೆ ನಿಂತಾಗ ಎದೆ ಭಾರವಾಯಿತು.

ಅದು ನಿಜವಾಗಿ ಕೆಲಸಕ್ಕೆ ಬಂದದ್ದು ನೀರಿನ ವಿರುದ್ಧ. 1812ರಲ್ಲಿ ಸೆರ್ಕಿಯೋ ನದಿ ಉಕ್ಕಿತು. ಬಾಗಿಲುಗಳನ್ನೆಲ್ಲ ಮುಚ್ಚಿ ಊರು ಉಳಿಸಿಕೊಂಡರು. ಆಗ ಅಲ್ಲಿ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಬಾಗಿಲು ತೆಗೆಯುವ ಹಾಗಿಲ್ಲ ಅಂತ ಅವಳನ್ನು ಹಗ್ಗ ಕಟ್ಟಿ ಗೋಡೆ ಮೇಲಿಂದ ಒಳಗೆ ಇಳಿಸಿದರು ಅಂತ ಊರವರು ಹೇಳುತ್ತಾರೆ.

ಈಗ ಆ ಗೋಡೆ ಮೇಲೆ ಸಾಲುಮರಗಳಿರುವ ಅಗಲವಾದ ದಾರಿ. ಸುತ್ತು 4.2 ಕಿಲೋಮೀಟರ್, ಪೂರ್ತಿ ಸಮತಟ್ಟು. ಹತ್ತುವುದಕ್ಕೆ ಊರಿನ ಕಡೆಯಿಂದ ಇಳಿಜಾರು ದಾರಿಗಳಿವೆ, ಮಂಡಿಗೆ ತೊಂದರೆಯಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವವರ ಹಾಗೆ ಊರ ಜನ ಅಲ್ಲಿ ನಡೆಯುತ್ತಾರೆ. ಅಜ್ಜಂದಿರು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಾರೆ, ಮಕ್ಕಳು ಸೈಕಲ್ ಕಲಿಯುತ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಒಂದು ಪಕ್ಕಕ್ಕೆ ಹುಲ್ಲು, ಇನ್ನೊಂದು ಪಕ್ಕಕ್ಕೆ ಯಾರದೋ ಹಿತ್ತಿಲು, ಒಣಗಿಸಿದ ಬಟ್ಟೆ. ನಮ್ಮ ಕೋಟೆಯನ್ನು ಜನ ಕಾರಿನಿಂದ ಇಳಿದು ಫೋಟೋ ತೆಗೆದು ಹೋಗುತ್ತಾರೆ. ನಮ್ಮಲ್ಲೂ ಕಾವೇರಿ ನೋಡಿಕೊಂಡು ಗೋಡೆ ಮೇಲೆ ನಡೆಯುವ ಒಂದು ದಾರಿ ಆಗಬೇಕು, ಬೇರು ಬಿಟ್ಟ ಅರಳಿ ಗಿಡ ತೆಗೆದು ಬೆಂಚು ಹಾಕಬೇಕು. ಇದು ನನ್ನ ಬಹಳ ದಿನದ ಆಸೆ. ಅಮ್ಮನಿಗೆ ಸುತ್ತು ಪೂರ್ತಿ ಬೇಡ. ಒಂದೆರಡು ಬುರುಜು ದಾಟಿ, ನೆರಳಿನಲ್ಲಿ ಕೂತು ಬನ್ನಿ.

ಉಳಿದದ್ದು ಬೇಗ ಹೇಳುತ್ತೇನೆ. ಅಂಫಿತಿಯಾತ್ರೋ ಚೌಕ ಮೊಟ್ಟೆಯಾಕಾರದಲ್ಲಿದೆ. ರೋಮನ್ನರ ಕಾಲದ ರಂಗಮಂದಿರದ ಗೋಡೆಗಳನ್ನೇ ಬಳಸಿಕೊಂಡು ಸುತ್ತ ಮನೆ ಕಟ್ಟಿದ್ದಾರೆ. ಸಂಗೀತಗಾರ ಪುಚ್ಚೀನಿ 1858ರಲ್ಲಿ ಹುಟ್ಟಿದ್ದು ಈ ಊರಲ್ಲೇ. ಆದರೆ ದೊಡ್ಡ ಚರ್ಚಿನಲ್ಲಿ ಇಲಾರಿಯಾ ದೆಲ್ ಕಾರೆತ್ತೋಳ ಸಮಾಧಿಯನ್ನು ಬಿಡಬೇಡಿ. 1405ರಲ್ಲಿ ಹೆರಿಗೆಯಾದ ಮೇಲೆ ತೀರಿಕೊಂಡ ಹೆಣ್ಣುಮಗಳು. ಯಾಕೊಪೋ ದೆಲ್ಲಾ ಕ್ವೆರ್ಚಾ ಅವಳನ್ನು ಅಮೃತಶಿಲೆಯಲ್ಲಿ ಮಲಗಿಸಿದ್ದಾನೆ. ಕಾಲ ಹತ್ತಿರ ಒಂದು ನಾಯಿಮರಿ, ತಲೆಯೆತ್ತಿ ಅವಳನ್ನೇ ನೋಡುತ್ತಿದೆ. ನಾನು ಅಲ್ಲಿಂದ ಬೇಗ ಬರಲಾಗಲಿಲ್ಲ.

ಊಟಕ್ಕೆ ಚೆಚಿನಾ ಕೇಳಿ. ಕಾಬೂಲಿ ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ಒಲೆಯಿಂದ ಬಿಸಿಬಿಸಿ ತೆಗೆದು ಮೇಲೆ ಕಾಳುಮೆಣಸು ಉದುರಿಸಿ ಕೊಡುತ್ತಾರೆ. ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಬುಚ್ಚೆಲ್ಲಾತೋ ಅನ್ನುವ ಒಣದ್ರಾಕ್ಷಿ, ಸೋಂಪಿನ ಪರಿಮಳದ ಬ್ರೆಡ್ಡೂ ಚೆನ್ನಾಗಿರುತ್ತದೆ, ಆದರೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಕೊಳ್ಳಿ.

ಮಂಡ್ಯ_ಸುಭಾಷ್‌ನಗರ:
ಗಂಜಾಂ ಅವರು ಹೇಳಿದ್ದು ಸರಿ. ಒಂದು ಮಾತು, ಬಾಡಿಗೆ ಕಾರು ತಗೊಂಡು ಮಾತ್ರ ಹೋಗಬೇಡಿ. ಗೋಡೆಯೊಳಗೆ ಬಹಳಷ್ಟು ಕಡೆ ಹೊರಗಿನವರ ವಾಹನ ಬಿಡುವುದಿಲ್ಲ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಟ್ಟಲೆ ಆದ ಮೇಲೆ ಮನೆಗೆ ಬರುತ್ತದೆ. ರೈಲೇ ಸರಿ.

ವಾಣಿ_ಕುವೆಂಪುನಗರ:
ತುಂಬಾ ಥ್ಯಾಂಕ್ಸ್! ಅಮ್ಮನಿಗೆ ಓದಿ ಹೇಳಿದೆ, ಈಗಲೇ ಹೊರಟು ನಿಂತಿದ್ದಾರೆ. ತುದಿಯಲ್ಲಿ ಮರ ಬೆಳೆದ ಗೋಪುರ ಇದೆಯಂತಲ್ವಾ, ಅದಕ್ಕೆ ಲಿಫ್ಟ್ ಇದೆಯಾ? ನಮಗೆ 31ನೇ ತಾರೀಕು ಬಿಡುವು.

ಗಂಜಾಂ_ಅಂಜೂರ:
ಅದು ಗ್ವಿನೀಜಿ ಗೋಪುರ, ಸುಮಾರು 45 ಮೀಟರ್ ಎತ್ತರ. ತುದಿಯಲ್ಲಿ ಓಕ್ ಮರಗಳಿವೆ. ಲಿಫ್ಟ್ ಇಲ್ಲ, ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು. ಅಮ್ಮನನ್ನು ಕೆಳಗೆ ಕಾಫಿಗೆ ಕೂರಿಸಿ ನೀವು ಹತ್ತಿ ಬನ್ನಿ.

31 ಅಂದರೆ ಸ್ವಲ್ಪ ಯೋಚನೆ ಮಾಡಿ. ಅಕ್ಟೋಬರ್ ಕೊನೆ, ನವೆಂಬರ್ ಶುರುವಿನ ಆ ದಿನಗಳಲ್ಲಿ ಅಲ್ಲಿ ಕಾಮಿಕ್ಸ್ ಹಬ್ಬ ನಡೆಯುತ್ತದೆ. ದಸರೆಯಲ್ಲಿ ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತೀರಾ? ರೈಲಿನಲ್ಲೂ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬದ ತಾರೀಕು ಮೊದಲು ನೋಡಿಕೊಳ್ಳಿ. ಅದಕ್ಕಿಂತ ನಾಲ್ಕೈದು ದಿನ ಮುಂಚೆ ಬಿಡುವು ಸಿಗುತ್ತದಾ ಅಂತ ಯಜಮಾನರನ್ನು ಕೇಳಿ ಇಲ್ಲಿ ಹಾಕಿ. ರೈಲಿನ ಸಮಯ ಮಗಳನ್ನು ಕೇಳಿ ತಿಳಿಸುತ್ತೇನೆ.