ಸಕ್ಕರೆ ಅಚ್ಚಿನಲ್ಲಿ ಗೆರೆ ಬೀಳುತ್ತಿದೆ, ಸ್ಟೆಪ್‌ಓವರ್ ಎಷ್ಟಿಡಬೇಕು?

ಪ್ರಶ್ನೆ (ಮಂಡ್ಯ):
ಸಂಕ್ರಾಂತಿಗೆ ಸಕ್ಕರೆ ಪಾಕ ಹುಯ್ಯುವ ಮರದ ಅಚ್ಚು ಮಾಡುತ್ತಿದ್ದೇನೆ. ಅಜ್ಜಿ ಕಾಲದ ಆನೆ ಅಚ್ಚು ಸೀಳು ಬಿಟ್ಟಿತ್ತು. ಅದೇ ಆನೆಯನ್ನು ತೇಗದಲ್ಲಿ ಸಿಎನ್‌ಸಿ ರೂಟರ್‌ನಿಂದ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಕೊರೆದೆ. 6 ಮಿ.ಮೀ. ಬಾಲ್ ನೋಸ್ (ತುದಿ ಗುಂಡಗಿರುವ ಟೂಲ್), ಸ್ಟೆಪ್‌ಓವರ್ (ಟೂಲಿನ ಅಕ್ಕಪಕ್ಕದ ಎರಡು ಓಟಗಳ ನಡುವಿನ ಅಂತರ) 1 ಮಿ.ಮೀ. ಟೂಲ್ ಆನೆಯ ಉದ್ದಕ್ಕೆ ಓಡುತ್ತದೆ. ಬಿಚ್ಚಿ ನೋಡಿದರೆ ಆನೆ ಮೈತುಂಬಾ ಗೆರೆ, ಉತ್ತ ಗದ್ದೆ ಥರ. 0.5ಕ್ಕೆ ಇಳಿಸಿದೆ, ಸಮಯ ಎರಡರಷ್ಟಾಯಿತು. ಪಕ್ಕೆ ನುಣ್ಣಗಾಯಿತು. ಬೆನ್ನು, ಹೊಟ್ಟೆಯ ಅಂಚಿನಲ್ಲಿ ಮಾತ್ರ ಗೆರೆ ಹಾಗೇ ಇದೆ. ಸಕ್ಕರೆ ಅಲ್ಲೇ ಕಚ್ಚಿಕೊಂಡು ಒಡೆಯುತ್ತಿದೆ. 0.2ಕ್ಕೆ ಹೋಗಲಾ ಸಾರ್?

ಉತ್ತರ (ಮೈಸೂರು):
ಬೇಡಿ, ಸುಮ್ನೆ ಸಮಯ ಹಾಳು. ಗೆರೆಯ ಎತ್ತರ ಲೆಕ್ಕ ಹಾಕುವುದು ಸುಲಭ: ಸ್ಟೆಪ್‌ಓವರನ್ನು ಅದರಿಂದಲೇ ಗುಣಿಸಿ, ಬಾಲ್ ವ್ಯಾಸದ ನಾಲ್ಕರಷ್ಟರಿಂದ ಭಾಗಿಸಿ. 1 ಮಿ.ಮೀ.ಗೆ ಸುಮಾರು 42 ಮೈಕ್ರಾನ್, 0.5ಕ್ಕೆ 10. ಅಂದರೆ ಅರ್ಧ ಮಾಡಿದರೆ ಗೆರೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಕ್ಕೆ ನುಣ್ಣಗಾಗಿದ್ದು ಅದಕ್ಕೇ.

ಆದರೆ ಈ ಲೆಕ್ಕ ಸಮತಟ್ಟಾದ ಕಡೆಗೆ. ಬೆನ್ನಿನ ಅಂಚು 60 ಡಿಗ್ರಿ ಇಳಿಜಾರಿದ್ದರೆ, ಮೇಲಿಂದ 0.5 ಕಾಣುವ ಅಂತರ ಮರದ ಮೈಮೇಲೆ 1 ಮಿ.ಮೀ. ಆಗುತ್ತದೆ. ಮತ್ತೆ ಅದೇ 42 ಮೈಕ್ರಾನ್! ಆ ಅಂಚುಗಳಿಗೆ ವಾಟರ್‌ಲೈನ್ ಪಾಸ್ (ಟೂಲ್ ಒಂದೇ ಮಟ್ಟದಲ್ಲಿ ಸುತ್ತು ಹಾಕಿ, ಆಮೇಲೆ ಸ್ವಲ್ಪ ಕೆಳಗಿಳಿದು ಮತ್ತೆ ಸುತ್ತುವ ಓಟ) ಬೇರೆ ಹಾಕಿ, ಒಂದೊಂದು ಸುತ್ತಿಗೆ 0.3 ಮಿ.ಮೀ. ಇಳಿಯಲಿ. ಪಕ್ಕೆಗೆ ಈಗಿನ 0.5 ಸಾಕು. ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಸ್ಕ್ಯಾಲಪ್ (ಗೆರೆಯ ಎತ್ತರ ಎಲ್ಲೆಡೆ ಒಂದೇ ಇರುವಂತೆ ಓಡಿಸುವ ಆಯ್ಕೆ) ಇದ್ದರೆ ಇನ್ನೂ ಒಳ್ಳೆಯದು, ಅಂತರವನ್ನು ಅದು ಮೈಮೇಲೇ ಅಳೆಯುತ್ತದೆ. ಕಣ್ಣು, ಕಿವಿಯ ಮಡಿಕೆಗೆ ಮಾತ್ರ 2 ಮಿ.ಮೀ. ಬಾಲ್ ಹಾಕಿ. ಇಡೀ ಆನೆಗೆ ಅದನ್ನೇ ಓಡಿಸಿದರೆ ಅದೇ ಅಂತರಕ್ಕೆ ಗೆರೆ ಮೂರರಷ್ಟು ಎತ್ತರ.

ಇನ್ನೊಂದು ಮಾತು. ಪಾಕ ಹುಯ್ಯುವ ಮುಂಚೆ ಅಚ್ಚನ್ನು ನೀರಲ್ಲಿ ನೆನೆಸುತ್ತೀರಿ ಅಲ್ವಾ? ಆಗ ಮರದ ನಾರು ಎದ್ದು ನಿಲ್ಲುತ್ತದೆ. ಕೊರೆದಾದ ಮೇಲೆ ಒಮ್ಮೆ ನೆನೆಸಿ, ನೆರಳಲ್ಲಿ ಒಣಗಿಸಿ, 320ರ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿ. ಜೋರಾಗಿ ಉಜ್ಜಿದರೆ ಕಣ್ಣಿನ ಗೆರೆ ಅಳಿಸಿಹೋಗುತ್ತೆ, ಹುಷಾರು.

ಪ್ರಶ್ನೆ ಕೇಳಿದವರು:
ವಾಟರ್‌ಲೈನ್ ಹಾಕಿದೆ ಸಾರ್. ಬೆನ್ನಿನ ಮೇಲೆ ಉಗುರು ಎಳೆದರೂ ಈಗ ಎಲ್ಲೂ ತಡೆಯುತ್ತಿಲ್ಲ. ಹತ್ತು ಹುಯ್ದೆ, ಒಂಬತ್ತು ಇಡಿಯಾಗಿ ಬಂದವು. ಮುರಿದಿದ್ದರಲ್ಲಿ ಸೊಂಡಿಲ ತುದಿಯೇ ಹೋಗಿದೆ. ಅಲ್ಲಿ 6ರ ಬಾಲ್ ಪೂರ್ತಿ ಒಳಗೆ ಹೋಗಿಲ್ಲ ಅನ್ನಿಸುತ್ತೆ. ನಾಳೆ ಅಲ್ಲಿಗೂ 2 ಮಿ.ಮೀ. ಓಡಿಸುತ್ತೇನೆ.